ಕ್ರೀಡಾಮಂದಿರವೂ ಪೌರರ ಬೊಕ್ಕಸವೂ

ಬಾಡಿಗೆಯ ಮನೆಯಲ್ಲಿರುವವನೊಬ್ಬನು ಮನೆಯ ಒಡೆಯನನ್ನು ಕರೆದು, “ಈ ಮನೆ ಹಳೆಯದಾಯಿತು, ಹೊಸದೊಂದನ್ನು ಕಟ್ಟಿಸಿಕೊಡು, ಇಲ್ಲವಾದರೆ ಬೇರೆ ಊರನ್ನು ನೋಡಿಕೊಳ್ಳುವೆನು” ಎಂದರೆ, ಒಡೆಯನು ನಕ್ಕು ಸುಮ್ಮನಾಗುವುದು ಲೋಕರೂಢಿ. ಬಾಡಿಗೆದಾರನು ಹಾಕಿ ತಂಡವಾಗಿ, ಒಡೆಯನು ಒಂದು ನಗರವಾದರೆ ಮಾತ್ರ ಈ ರೂಢಿಯು ತಲೆಕೆಳಗಾಗುತ್ತದೆ. ಕೆನಡಾ ದೇಶದ ಆಲ್ಬರ್ಟಾ ಪ್ರಾಂತದ ಕ್ಯಾಲ್ಗರಿ ನಗರಕ್ಕೂ, ಆ ನಗರದ ಹೆಸರನ್ನು ಹೊತ್ತು ಆಡುವ ಫ್ಲೇಮ್ಸ್ ತಂಡದ ಒಡೆಯರಿಗೂ ೨೦೧೫ರಿಂದ ೨೦೨೩ರವರೆಗೆ ನಡೆದ ವ್ಯಾಜ್ಯವೇ ಇದಕ್ಕೆ ನಿದರ್ಶನ. ಇಲ್ಲಿ ಒಬ್ಬನು ಎದ್ದುಹೋಗಬಲ್ಲನು, ಮತ್ತೊಬ್ಬನು ಹೋಗಲಾರನು. ಊರು ತನ್ನ ಬೀದಿಗಳನ್ನೂ ಮನೆಗಳನ್ನೂ ಹೊತ್ತುಕೊಂಡು ಎಲ್ಲಿಗೆ ತಾನೇ ಹೋದೀತು? ಈ ಅಸಮತೆಯನ್ನೇ ಬಂಡವಾಳವಾಗಿ ಮಾಡಿಕೊಂಡು, ತಂಡವು ಎದ್ದುಹೋದಾಗಲೆಲ್ಲ ನಗರವು ತೆರಬೇಕಾದ ಬೆಲೆಯು ಏರಿತೆಂಬುದು ಲೆಕ್ಕದಿಂದಲೇ ಸಿದ್ಧಪಡುವ ಸಂಗತಿ.

ಭಾರತದಲ್ಲಿ ಹಾಕಿಯೆಂದರೆ ಬಯಲಿನ ಆಟ. ಕೆನಡಾದಲ್ಲಿ ಅದು ಪಾದಗಳಿಗೆ ಉಕ್ಕಿನ ಅಲಗುಗಳನ್ನು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಆಡತಕ್ಕದ್ದು. ದೊಡ್ಡ ತಂಡಗಳಿಗೆ ಮೇಲ್ಛಾವಣಿಯುಳ್ಳ ಮಂದಿರವೇ ಬೇಕು. ಕ್ಯಾಲ್ಗರಿಯ ಮಂದಿರಕ್ಕೆ ಸ್ಯಾಡಲ್‌ಡೋಮ್ ಎಂದು ಹೆಸರು. ಅದರ ಮಾಡು ಕುದುರೆಯ ಜೀನಿನಂತೆ ಬಾಗಿರುವುದರಿಂದ ಆ ಹೆಸರು ಬಂದಿತು. ೧೯೮೮ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳನ್ನು ಎದುರುನೋಡಿ ಸಾರ್ವಜನಿಕ ಹಣದಿಂದ ಕಟ್ಟಿದ ಆ ಕಟ್ಟಡವು ೧೯೮೩ರ ಅಕ್ಟೋಬರಿನಲ್ಲಿ ತೆರೆಯಿತು. ಅದು ನಗರದ ಸ್ವತ್ತು. ಅಮೆರಿಕದ ಅಟ್ಲಾಂಟಾ ನಗರವನ್ನು ಬಿಟ್ಟು ೧೯೮೦ರಲ್ಲಿ ಕ್ಯಾಲ್ಗರಿಗೆ ಬಂದಿದ್ದ ಫ್ಲೇಮ್ಸ್ ತಂಡವು ಅಲ್ಲಿ ನೆಲೆಸಿ, ೧೯೮೯ರಲ್ಲಿ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು. ಒಂದೂರನ್ನು ಬಿಟ್ಟು ಬಂದ ತಂಡವೇ ಇನ್ನೊಂದೂರಿಗೆ ನಿಷ್ಠೆಯ ಪಾಠವನ್ನು ಹೇಳತೊಡಗಿದುದು ಈ ಕಥೆಯ ಮೊದಲನೆಯ ವಿನೋದ.

ಕಟ್ಟಡದಲ್ಲಿ ದೋಷಗಳಿರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಆ ಬಾಗಿದ ಮಾಡು ಕಣ್ಣಿಗೆ ಎಷ್ಟು ಚೆಲುವೋ ಭಾರ ಹೊರುವುದರಲ್ಲಿ ಅಷ್ಟೇ ದುರ್ಬಲ. ಈ ಕಾಲದ ಸಂಗೀತ ಕಚೇರಿಗಳವರು ತೂಗುಹಾಕುವ ದೀಪಗಳನ್ನೂ ಧ್ವನಿಯಂತ್ರಗಳನ್ನೂ ಅದು ತಾಳಲಾರದು. ಆದುದರಿಂದ ದೊಡ್ಡ ಗಾಯಕರನೇಕರು ಆ ಊರನ್ನು ದಾಟಿಹೋಗುತ್ತಿದ್ದರು. ೨೦೧೩ರ ಜೂನಿನ ಮಹಾಪೂರದಲ್ಲಿ ನೀರು ಮಂಜಿನಂಕಣವನ್ನು ಮುಳುಗಿಸಿ ಪ್ರೇಕ್ಷಕರ ಆಸನಪಂಕ್ತಿಗಳಿಗೂ ಏರಿತು. ಹೊಸ ಮಂದಿರದ ಅಪೇಕ್ಷೆಯನ್ನು ಯಾರೂ ಪಾಪವೆನ್ನಲಾರರು. ಅಪೇಕ್ಷಿಸಿದವರು ತೈಲೋದ್ಯಮದಲ್ಲಿ ಐಶ್ವರ್ಯವನ್ನು ಗಳಿಸಿದ ಮಹಾಧನಿಕರು. ಅವರು ತಮ್ಮ ಅಪೇಕ್ಷೆಯ ಬೆಲೆಯನ್ನು ಯಾರ ಹೆಗಲಿಗೆ ಹೊರಿಸಲು ನೋಡಿದರೆಂಬುದೇ ಪ್ರಶ್ನೆ.

೨೦೧೫ರ ಆಗಸ್ಟಿನಲ್ಲಿ ಅವರು ಮುಂದಿಟ್ಟ ಮೊದಲನೆಯ ಯೋಜನೆಗೆ ೮೯ ಕೋಟಿ ಡಾಲರ್ ವೆಚ್ಚವೆಂದು ಹೇಳಿದರು; ಅದರಲ್ಲಿ ತಮ್ಮ ಪಾಲು ೨೦ ಕೋಟಿಯೆಂದೂ ಹೇಳಿದರು. ಉಳಿದುದು ಟಿಕೆಟ್ಟಿನ ಮೇಲಣ ಸುಂಕದಿಂದಲೂ ನಗರದಿಂದಲೂ ಬರತಕ್ಕದ್ದು. ಆರಿಸಿದ ನೆಲವು ಮರದ ದಿಮ್ಮಿಗಳಿಗೆ ಕ್ರಿಯೊಸೋಟ್ ಎಣ್ಣೆಯನ್ನು ಊಡಿಸುವ ಕಾರ್ಖಾನೆಯೊಂದು ೧೯೨೪ರಿಂದ ೧೯೬೨ರವರೆಗೆ ಇದ್ದ ಸ್ಥಳ. ಆ ವಿಷವು ಮಣ್ಣಿನೊಳಗೆ ಇಳಿದು ಅಲ್ಲಿಯೇ ನಿಂತಿತ್ತು. ಅದನ್ನು ತೊಳೆಯುವ ಖರ್ಚು ತಂಡದ ಲೆಕ್ಕದಲ್ಲಿ ಸೇರಿಯೇ ಇರಲಿಲ್ಲ! ನಗರದ ಅಧಿಕಾರಿಗಳು ಮರುವರ್ಷ ಲೆಕ್ಕವನ್ನು ನೋಡಿ ಒಟ್ಟು ವೆಚ್ಚವು ೧೮೦ ಕೋಟಿಯ ಹತ್ತಿರಕ್ಕೆ ಹೋಗುವುದೆಂದು ವರದಿ ಮಾಡಿದರು. ಯೋಜನೆಯು ಅಲ್ಲಿಗೆ ಬಿದ್ದಿತು, ಬೀಳತಕ್ಕದ್ದೇ ಆಗಿತ್ತು.

ಅನಂತರ ೨೦೧೭ರಲ್ಲಿ ನಗರವು ತಾನಾಗಿ ಒಂದು ನ್ಯಾಯವಾದ ಹಂಚಿಕೆಯನ್ನು ಸೂಚಿಸಿತು. ವೆಚ್ಚವು ೫೫ ಕೋಟಿ ೫೦ ಲಕ್ಷ. ಮೂರರಲ್ಲೊಂದು ಪಾಲು ನಗರದ್ದು, ಒಂದು ತಂಡದ್ದು, ಒಂದು ಮಂದಿರವನ್ನು ಬಳಸುವವರದು. ಎಂದರೆ ನಗರದ ಪಾಲು ೧೮ ಕೋಟಿ ೫೦ ಲಕ್ಷ. ಟಿಕೆಟ್ಟಿನ ಸುಂಕವೂ ತಮ್ಮ ವರಮಾನವೇ ಆದುದರಿಂದ ಮೂರರಲ್ಲೆರಡು ಪಾಲನ್ನು ತಾವೇ ತೆರುವಂತಾಗುವುದೆಂದು ಒಡೆಯರು ವಾದಿಸಿದರು. ಟಿಕೆಟ್ಟನ್ನು ಕೊಳ್ಳುವವನ ಜೇಬು ಒಡೆಯನ ಜೇಬೇ ಎಂಬ ಈ ತರ್ಕವನ್ನು ಯಾವ ಶಾಸ್ತ್ರಕಾರನೂ ಬರೆದಿಟ್ಟಂತಿಲ್ಲ. ಸೆಪ್ಟೆಂಬರಿನಲ್ಲಿ ಅವರು ಮಾತುಕತೆಯನ್ನು ಕಡಿದುಕೊಂಡು ಎದ್ದರು. ಲೀಗಿನ ಮುಖ್ಯಸ್ಥ ಗ್ಯಾರಿ ಬೆಟ್‌ಮನ್ ಅವರ ಬೆನ್ನಿಗೆ ನಿಂತನು. ನಗರದ ಚುನಾವಣೆಗೆ ಆಗ ಒಂದು ತಿಂಗಳು ಮಾತ್ರ ಉಳಿದಿತ್ತು. ಮುಹೂರ್ತವು ಆಕಸ್ಮಿಕವಾಗಿ ಕೂಡಿಬಂತೆಂದು ನಂಬುವವರು ನಂಬಬಹುದು. ಸಾರ್ವಜನಿಕ ಹಣಕ್ಕೆ ಸಾರ್ವಜನಿಕ ಪ್ರಯೋಜನವಿರಬೇಕೆಂಬ ನಿಲುವನ್ನು ಬಿಡದ ಮೇಯರ್ ನಹೀದ್ ನೆನ್ಷಿಯನ್ನೇ ಜನರು ಪುನಃ ಆರಿಸಿದರು. ಬೆದರಿಕೆಗೆ ಪೌರರು ಅಂಜಲಿಲ್ಲ. ಅಂಜಿದವರು ಅವರ ಪ್ರತಿನಿಧಿಗಳು.

ಏಕೆಂದರೆ ಎರಡು ವರ್ಷ ಕಳೆಯುವುದರೊಳಗಾಗಿ, ಅದೇ ನಗರಸಭೆಯು ೫೫ ಕೋಟಿಯ ಮಂದಿರಕ್ಕೆ ಅರ್ಧ ಹಣವನ್ನು, ಎಂದರೆ ೨೭ ಕೋಟಿ ೫೦ ಲಕ್ಷವನ್ನು ಕೊಡಲು ಒಪ್ಪಿತು. ಕರಾರಿನ ಸಾರವು ಜನರಿಗೆ ತಿಳಿದುದು ೨೦೧೯ರ ಜುಲೈ ೨೨ರಂದು. ಹನ್ನೊಂದಕ್ಕೆ ನಾಲ್ಕು ಮತಗಳಿಂದ ಅದು ಅಂಗೀಕೃತವಾದುದು ಜುಲೈ ೩೦ರಂದು. ಒಂದು ಸಾಧಾರಣ ಮನೆಯ ಕ್ರಯಪತ್ರಕ್ಕೂ ಎಂಟು ದಿನಗಳಿಗಿಂತ ಹೆಚ್ಚು ವಿಚಾರ ನಡೆಯುತ್ತದೆ. ಇದಕ್ಕಿಂತಲೂ ಮನಸ್ಸಿಗೆ ಚುಚ್ಚುವ ಸಂಗತಿ ಇನ್ನೊಂದುಂಟು. ೨೦೧೪ರಿಂದ ತೈಲದ ಬೆಲೆ ಕುಸಿದು, ನಡುಪೇಟೆಯ ಮಹಾಸೌಧಗಳು ಬರಿದಾಗಿ, ಅವುಗಳ ಕಂದಾಯದ ಹೊರೆಯು ಉಳಿದ ವರ್ತಕರ ಮೇಲೆ ಬಿದ್ದಿತ್ತು. ಆ ವರ್ತಕರ ಕಷ್ಟವನ್ನು ಪರಿಹರಿಸುವುದಕ್ಕಾಗಿ ನಗರಸಭೆಯು ಅದೇ ಜುಲೈ ತಿಂಗಳಿನಲ್ಲಿ, ಮಂದಿರಕ್ಕೆ ಮತ ನೀಡುವ ಒಂದು ವಾರ ಮೊದಲು, ತನ್ನ ಖರ್ಚಿನಲ್ಲಿ ೬ ಕೋಟಿ ಡಾಲರುಗಳನ್ನು ಕಡಿತ ಮಾಡಿತ್ತು. ಆ ಕತ್ತರಿ ಬಿದ್ದುದು ಅಗ್ನಿಶಾಮಕ ದಳದ ಮೇಲೆ, ಪೊಲೀಸರ ಮೇಲೆ, ಬಸ್ಸುಗಳ ಮೇಲೆ, ಬಡವರ ವಸತಿಯ ಮೇಲೆ. ಒಂದೇ ಪಂಕ್ತಿಯಲ್ಲಿ ಕುಳಿತವರಲ್ಲಿ ಒಬ್ಬನ ಎಲೆಯಿಂದ ಅನ್ನವನ್ನು ತೆಗೆದು ಇನ್ನೊಬ್ಬನ ಎಲೆಗೆ ಹೋಳಿಗೆಯನ್ನು ಬಡಿಸಿದಂತಾಯಿತು.

ಇಷ್ಟಾದರೂ ತೃಪ್ತಿಯುಂಟಾಯಿತೆ? ೨೦೨೧ರಲ್ಲಿ ವೆಚ್ಚವು ೬೦ ಕೋಟಿ ೮೫ ಲಕ್ಷಕ್ಕೆ ಏರಿ, ಕರಾರು ತಿದ್ದಲ್ಪಟ್ಟು, ನಗರದ ಪಾಲು ೨೮ ಕೋಟಿ ೭೫ ಲಕ್ಷವಾಯಿತು. ಅಲ್ಲಿಂದ ಮುಂದೆ ಏರುವ ಖರ್ಚು ತಂಡದ್ದೆಂದು ನಿಶ್ಚಯವಾಯಿತು. ಕಟ್ಟಡದ ಪರವಾನಗಿಗೆ ನಗರದವರು ಕಾಲುದಾರಿ, ರಸ್ತೆ, ಸೂರ್ಯಶಕ್ತಿಯ ಫಲಕ ಮುಂತಾದ ನಿಬಂಧನೆಗಳನ್ನು ಸೇರಿಸಿದಾಗ ೧ ಕೋಟಿ ೬೦ ಲಕ್ಷದಷ್ಟು ಖರ್ಚು ಹೆಚ್ಚಿತು. ಅದರಲ್ಲೊಂದು ಭಾಗವನ್ನು ನಗರವೇ ಹೊರಲು ಸಿದ್ಧವಾಗಿತ್ತು. ಆದರೂ ಡಿಸೆಂಬರಿನಲ್ಲಿ ತಂಡದವರು ಎರಡನೆಯ ಸಲ ಎದ್ದರು. ೬೦ ಕೋಟಿ ದಾಟಿದ ವ್ಯವಹಾರವು ಕಾಲುದಾರಿಯ ಕಲ್ಲಿಗೆ ಎಡವಿ ಬಿದ್ದಿತು. ಜನರ ಹಣದ ಅರ್ಧವನ್ನು ಒಲ್ಲೆನೆನ್ನದೆ ಸ್ವೀಕರಿಸುವವನು, ಆ ಜನರು ನಡೆದು ಬರುವ ಕಾಲುದಾರಿಗೆ ದುಡ್ಡು ಬಿಚ್ಚಲು ಹಿಂದೆಗೆಯುವುದೆಂದರೇನು!

ಆ ಒಡಕನ್ನು ಜನರಿಗೆ ತಿಳಿಸಿದ ಮೇಯರ್ ಜ್ಯೋತಿ ಗೊಂಡೆಕ್ ಅವರ ಕಾಲದಲ್ಲಿಯೇ, ೨೦೨೩ರ ಏಪ್ರಿಲ್ ೨೫ರಂದು, ಹೊಸ ಕರಾರು ಹೊರಬಂತು. ಒಟ್ಟು ಯೋಜನೆ ೧೨೨ ಕೋಟಿ ಡಾಲರುಗಳದು. ನಗರದ ಪಾಲು ೫೩ ಕೋಟಿ ೭೩ ಲಕ್ಷ. ಪ್ರಾಂತದ ಸರ್ಕಾರದ್ದು ೩೩ ಕೋಟಿ. ತಂಡದ್ದು ೩೫ ಕೋಟಿ ೬೦ ಲಕ್ಷ. ಪ್ರಾಂತದ ಚುನಾವಣೆಯು ಮೇ ೨೯ಕ್ಕೆ ಗೊತ್ತಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರೆ ನಗರದ ಪಾಲು ಹದಿನೆಂಟೂವರೆಯಿಂದ ಇಪ್ಪತ್ತೇಳೂವರೆಗೆ, ಅಲ್ಲಿಂದ ಇಪ್ಪತ್ತೆಂಟೂ ಮುಕ್ಕಾಲಿಗೆ, ಕಡೆಗೆ ಐವತ್ತನಾಲ್ಕರ ಸಮೀಪಕ್ಕೆ ಏರಿತು. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರನೆಂಬ ಗಾದೆಯು ಇಂಥ ಸಂದರ್ಭದಲ್ಲಿಯೇ ಹುಟ್ಟಿರಬೇಕು.

ಈ ಸಲದ ಯೋಜನೆ ದೊಡ್ಡದು, ಅದರಲ್ಲಿ ಮಕ್ಕಳೂ ಸಾಮಾನ್ಯರೂ ಆಡುವ ಅಂಕಣವಿದೆ, ರಸ್ತೆಗಳಿವೆ, ಬಯಲುಚೌಕಗಳಿವೆ ಎಂದು ಸಮರ್ಥಕರು ಹೇಳುವರು. ಅದು ದಿಟ. ಆದರೆ ತಂಡದ ಪಾಲೆಂದು ಹೇಳುವ ಮೊತ್ತದ ಸ್ವರೂಪವನ್ನೂ ಅವರು ಹೇಳಬೇಕಷ್ಟೆ. ತಂಡವು ಮುಂಗಡವಾಗಿ ಕೊಡುವುದು ೪ ಕೋಟಿ. ಉಳಿದುದು ವರ್ಷಕ್ಕೆ ೧ ಕೋಟಿ ೭೦ ಲಕ್ಷದಂತೆ, ಪ್ರತಿ ವರ್ಷ ನೂರಕ್ಕೆ ಒಂದರಂತೆ ಏರುತ್ತ, ೩೫ ವರ್ಷಗಳಲ್ಲಿ ಸಲ್ಲತಕ್ಕದ್ದು. ಕೂಡಿಸಿದರೆ ಸುಮಾರು ೭೫ ಕೋಟಿಯಾಗುವುದೆಂಬುದು ಕೇಳಲು ಇಂಪು. ಬಡ್ಡಿಯ ವ್ಯವಹಾರವನ್ನು ಬಲ್ಲ ಯಾವ ಗೃಹಸ್ಥನೂ ಮೂವತ್ತನಾಲ್ಕನೆಯ ವರ್ಷದ ರೂಪಾಯಿಯನ್ನು ಇಂದಿನ ರೂಪಾಯಿಯೊಡನೆ ಒಂದೇ ಸಾಲಿನಲ್ಲಿ ಕೂಡಿಸುವುದಿಲ್ಲ. ಇಂದು ಕೈಯಿಂದ ಹಣವನ್ನು ಎಣಿಸಬೇಕಾದುದು ನಗರವೂ ಪ್ರಾಂತವೂ. ತಂಡವು ಕೊಡುವುದು ವಾಸ್ತವವಾಗಿ ಬಾಡಿಗೆ. ಅದನ್ನು ಬಂಡವಾಳದ ಪಾಲೆಂದು ಕರೆದರು, ಅಷ್ಟೆ. ಹಳೆಯ ಮಂದಿರವು ಒಡೆಯರ ಕಣ್ಣಿಗೆ ಮುದಿಯಾದುದು ೨೦೧೫ರಲ್ಲಿ, ಅದಕ್ಕೆ ಮೂವತ್ತೆರಡು ತುಂಬುವ ಹೊತ್ತಿಗೆ. ಅದೇ ಅಳತೆಯಿಂದ ಅಳೆದರೆ, ಹೊಸದರ ಬಾಡಿಗೆ ತೀರುವ ಮೊದಲೇ ಅದೂ ಮುದಿಯಾಗಿ ಇನ್ನೊಂದು ಬೇಡಿಕೆ ಬರುವುದರಲ್ಲಿ ಆಶ್ಚರ್ಯವಿಲ್ಲ. ಮನೆಗಂದಾಯವನ್ನು ಏರಿಸುವುದಿಲ್ಲ, ಕಾದಿಟ್ಟ ನಿಧಿಯಿಂದ ಕೊಡುವೆವು ಎಂಬ ನಗರದ ಸಮಾಧಾನವೂ ವಿಚಿತ್ರವೇ. ಆ ನಿಧಿಯೇನು ಆಕಾಶದಿಂದ ಉದುರಿತೆ?

ವ್ಯಾಪಾರ ಬೆಳೆಯುವುದು, ಊರು ಉದ್ಧಾರವಾಗುವುದು ಎಂಬ ವಾದಕ್ಕೆ ಹೆಚ್ಚು ಮಾತು ಬೇಡ. ರೋಜರ್ ನೋಲ್ ಮತ್ತು ಆಂಡ್ರ್ಯೂ ಜಿಂಬಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಸಂಪಾದಿಸಿ ೧೯೯೭ರಲ್ಲಿ ಹೊರತಂದ ಗ್ರಂಥವು ಅಮೆರಿಕದ ಕ್ರೀಡಾಂಗಣಗಳನ್ನು ಪರೀಕ್ಷಿಸಿ, ಅವುಗಳಿಂದ ಊರಿನ ಸಂಪತ್ತು ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲವೆಂದು ತೋರಿಸಿತು. ಆಟದ ಸಂಜೆ ಖರ್ಚಾಗುವ ಡಾಲರ್ ಬೇರೆ ಸಂಜೆ ಊಟದ ಮನೆಯಲ್ಲಿಯೋ ನಾಟಕದಲ್ಲಿಯೋ ಖರ್ಚಾಗುತ್ತಿದ್ದುದೇ.

ತಂಡವು ಹೋಗಿಯೇಬಿಟ್ಟರೆ ಎಂಬ ಭಯವು ಇದಕ್ಕಿಂತ ನಿಜವಾದುದು. ಕ್ವಿಬೆಕ್ ನಗರದ ತಂಡವು ೧೯೯೫ರಲ್ಲಿಯೂ ವಿನ್ನಿಪೆಗ್ಗಿನದು ೧೯೯೬ರಲ್ಲಿಯೂ ಅಮೆರಿಕಕ್ಕೆ ಹೋದುವು. ಆ ಜನರ ದುಃಖವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ತಂದೆಮಕ್ಕಳನ್ನು ಒಂದೇ ಬೆಂಚಿನ ಮೇಲೆ ಕೂರಿಸುವ ಸಂಭ್ರಮಗಳು ಊರಿಗೆ ಬಹಳವಿರುವುದಿಲ್ಲ. ಆದರೆ ವಿನ್ನಿಪೆಗ್ ಸಾಯಲಿಲ್ಲ. ಅಲ್ಲಿಗೆ ೨೦೧೧ರಲ್ಲಿ ಇನ್ನೊಂದು ತಂಡವು ಬಂದಿತು, ಅದೂ ಅಟ್ಲಾಂಟಾದಿಂದಲೇ. ಕ್ವಿಬೆಕ್ಕಿನವರು ಜನರ ಹಣದಿಂದ ಭವ್ಯವಾದ ಮಂದಿರವನ್ನು ಕಟ್ಟಿ ೨೦೧೫ರಲ್ಲಿ ತೆರೆದರು. ದೊಡ್ಡ ಲೀಗಿನ ತಂಡವು ಅಲ್ಲಿಗೆ ಬರಲೇ ಇಲ್ಲ. ಸಿಯಾಟಲ್ಲಿನಲ್ಲಿಯಾದರೋ, ನಗರದ ಸ್ವತ್ತಾದ ೧೯೬೨ರ ಮಂದಿರದ ಮಾಡನ್ನು ಹಾಗೆಯೇ ಉಳಿಸಿಕೊಂಡು, ಅದರ ಕೆಳಗೆ ಎಲ್ಲವನ್ನೂ ಹೊಸದಾಗಿ ಕಟ್ಟಿ, ೨೦೨೧ರಲ್ಲಿ ಹೊಸ ಹಾಕಿ ತಂಡವನ್ನು ಇಳಿಸಿದರು. ನೂರು ಕೋಟಿ ಡಾಲರಿಗೆ ಮೀರಿದ ಆ ವೆಚ್ಚವನ್ನು ಹೊತ್ತವರು ಖಾಸಗಿಯವರು. ಸಿಯಾಟಲ್ ಹೆಚ್ಚು ದೊಡ್ಡ ಊರು, ಹೋಲಿಕೆ ಸಲ್ಲದು ಎಂದರೆ ಒಪ್ಪಬಹುದು. ಆದರೂ ಚಿಕ್ಕ ಊರಿನಲ್ಲಿ ಲಾಭವು ಮಾತ್ರ ಖಾಸಗಿಯವರದಾಗಿ ಖರ್ಚು ಊರಿನದಾಗಬೇಕೆಂಬ ನಿಯಮ ಎಲ್ಲಿಂದ ಬಂತು?

ಕ್ಯಾಲ್ಗರಿಯ ನಗರಸಭೆಗೆ ಜನರನ್ನು ಕೇಳುವ ಪದ್ಧತಿಯು ತಿಳಿಯದುದಲ್ಲ. ೨೦೨೬ರ ಒಲಿಂಪಿಕ್ ಕ್ರೀಡೆಗಳು ಬೇಕೆ ಬೇಡವೆ ಎಂದು ೨೦೧೮ರ ನವೆಂಬರಿನಲ್ಲಿ ಕೇಳಿದಾಗ ನೂರಕ್ಕೆ ಐವತ್ತಾರು ಮಂದಿ ಬೇಡವೆಂದರು. ಆ ವಿಚಾರವು ಅಲ್ಲಿಗೆ ಮುಗಿಯಿತು. ಮರುವರ್ಷದ ಮಂದಿರಕ್ಕೆ ಆ ಪ್ರಶ್ನೆಯನ್ನು ಹಾಕಲಿಲ್ಲ, ೨೦೨೩ರಲ್ಲಿಯೂ ಹಾಕಲಿಲ್ಲ. ಅದೇ ೨೦೨೩ರ ಮೇ ತಿಂಗಳಿನಲ್ಲಿ ಅಮೆರಿಕದ ಅರಿಜೋನಾದ ಟೆಂಪೆ ನಗರದಲ್ಲಿ ಇಂಥದೇ ಪ್ರಶ್ನೆಯನ್ನು ಮತಕ್ಕೆ ಹಾಕಿದರು, ಜನರು ತಿರಸ್ಕರಿಸಿದರು, ಮರುವರ್ಷ ತಂಡವು ಸಾಲ್ಟ್ ಲೇಕ್ ನಗರಕ್ಕೆ ಹೊರಟುಹೋಯಿತು. ಅದು ನಷ್ಟವೇ; ಆದರೆ ತಿಳಿದು ಆರಿಸಿಕೊಂಡ ನಷ್ಟ.

ಹೊಸ ಮಂದಿರಕ್ಕೆ ೨೦೨೪ರ ಜುಲೈಯಲ್ಲಿ ಗುದ್ದಲಿಯಿಟ್ಟದ್ದಾಗಿದೆ. ೨೦೨೭ರಲ್ಲಿ ತೆರೆಯಬೇಕೆಂದು ಉದ್ದೇಶ. ೨೦೧೯ರಲ್ಲಿ ವಿರೋಧವಾಗಿ ಮತ ನೀಡಿದ ನಾಲ್ವರಲ್ಲೊಬ್ಬನಾದ ಜೆರೊಮಿ ಫಾರ್ಕಸ್ ೨೦೨೫ರ ಅಕ್ಟೋಬರಿನಲ್ಲಿ ಅಲ್ಲಿನ ಮೇಯರಾಗಿ ಚುನಾಯಿತನಾದನು. ಕರಾರನ್ನು ಮುರಿಯುವ ಕಾಲವು ಮೀರಿದೆ. ಲೆಕ್ಕವನ್ನು ಕೇಳುವ ಕಾಲವು ಮೀರಿಲ್ಲ. ತಂಡದಿಂದ ಆ ವರ್ಷ ಬಂದ ಬಾಡಿಗೆಯೆಷ್ಟು, ನಗರದ ನಿಧಿಯಿಂದ ಹೋದ ಹಣಕ್ಕೆ ಸಲ್ಲಬಹುದಾಗಿದ್ದ ಬಡ್ಡಿಯೆಷ್ಟು, ಸಾಮಾನ್ಯರ ಅಂಕಣವು ಸಾಮಾನ್ಯರಿಗೆ ಎಷ್ಟು ದಿನ ತೆರೆದಿತ್ತು, ಇಷ್ಟನ್ನಾದರೂ ಪ್ರತಿ ವರ್ಷ ಅಚ್ಚು ಹಾಕಿಸಿ ಪೌರರ ಮುಂದಿಡುವುದಕ್ಕೆ ಯಾವ ಒಡೆಯನ ಅಪ್ಪಣೆಯೂ ಬೇಕಾಗುವುದಿಲ್ಲ.