ಟಾರ್ಚಿನಲ್ಲಿ ಸಿಕ್ಕಿಕೊಂಡ ಸೆಲ್: ಬಡಿದರೆ ಬರುತ್ತದೆಯೇ?

ಸಿಂಧನೂರು, ಮಸ್ಕಿಯ ತುಂಗಭದ್ರಾ ಎಡದಂಡೆ ನಾಲೆಯಿರಲಿ, ಲಿಂಗಸುಗೂರಿನ ನಾರಾಯಣಪುರ ಬಲದಂಡೆ ನಾಲೆಯಿರಲಿ, ರಾತ್ರಿ ಹೊಲಕ್ಕೆ ನೀರು ಬಿಡುವವರಿಗೆ ಹಾವು, ಚೇಳು ಕಾಣುವುದು ಟಾರ್ಚಿನ ಬೆಳಕಿನಲ್ಲೇ. ಅದರೊಳಗೆ ಸೆಲ್ ಸಿಕ್ಕಿಕೊಂಡರೆ ಬಡಿಯುವುದು, ಬೆಂಕಿಗೆ ಹಿಡಿಯುವುದು ತಪ್ಪು. ಬಿಸಿಯಾದ ಸೆಲ್ ಸಿಡಿಯಬಹುದು.

ಸೆಲ್ ಸಿಕ್ಕಿಕೊಳ್ಳುವುದೇಕೆ? ಆಲ್ಕಲೈನ್ ಸೆಲ್ಲಿನಿಂದ ಸೋರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಬಿಳಿ ಹೆಪ್ಪಾಗುತ್ತದೆ. ಇದು ಕ್ಷಾರ. ಆದ್ದರಿಂದ ಕೈಗವಸು ಹಾಕಿಕೊಂಡು ನಾಲ್ಕೈದು ಹನಿ ನಿಂಬೆರಸ ಅಥವಾ ವಿನೆಗರ್ ಬಿಟ್ಟು ಕಾದರೆ ಹೆಪ್ಪು ಕರಗಿ ಸೆಲ್ ಸಡಿಲವಾಗುತ್ತದೆ. ರಸ ಕಣ್ಣಿಗೆ ಸಿಡಿದರೆ ತಕ್ಷಣ ನೀರಿನಿಂದ ತೊಳೆದು ವೈದ್ಯರನ್ನು ಕಾಣಿ.

ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಉಬ್ಬಿ ಸಿಕ್ಕಿಕೊಂಡಿದ್ದರೆ ಮಾತ್ರ ಮೀಟಬೇಡಿ, ಚುಚ್ಚಬೇಡಿ. ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು. ಅದನ್ನು ರಿಪೇರಿ ಬಲ್ಲವರಿಗೇ ಬಿಡಿ. ಹಂಗಾಮು ಮುಗಿದೊಡನೆ ಸೆಲ್ ತೆಗೆದಿಡುವುದೇ ಸುಲಭದ ಉಪಾಯ.