ತಿರುಗುವ ತಟ್ಟೆಗೆ ಭಂಗಿಯ ಹಂಗು

ಗಣಕಯಂತ್ರದ ಹಾರ್ಡ್ ಡಿಸ್ಕನ್ನು ಮಲಗಿಸಿ ಕೂರಿಸಬೇಕೆ, ನಿಲ್ಲಿಸಿ ಕೂರಿಸಬೇಕೆ ಎಂಬ ಪ್ರಶ್ನೆ ಕ್ಷುಲ್ಲಕವೆನಿಸಿದರೂ, ಅದರ ಹಿಂದಿರುವ, ಭಂಗಿ ಬದಲಾದರೆ ತಿರುಗುವ ಭಾಗಕ್ಕೆ ತೊಂದರೆಯಾದೀತೆಂಬ ಶಂಕೆ ಯಂತ್ರಶಾಸ್ತ್ರಕ್ಕೆ ಹೊಸದಲ್ಲ. ಜಲವಿದ್ಯುತ್ ಯಂತ್ರಗಳನ್ನೇ ನೋಡಿ: ಗೇರುಸೊಪ್ಪದಲ್ಲಿ ಶರಾವತಿಯ ನೀರಿನಿಂದ ತಲಾ 60 ಮೆಗಾವಾಟ್‌ನ ನಾಲ್ಕು ಘಟಕಗಳು ವಿದ್ಯುತ್ ಉತ್ಪಾದಿಸುತ್ತವೆ. ಅಂಥ ಭಾರಿ ಯಂತ್ರಗಳಲ್ಲಿ ತಿರುಗುವ ದಂಡ ನೆಟ್ಟಗಿದ್ದರೆ ಟನ್ನುಗಟ್ಟಲೆ ತೂಕವನ್ನು ಹೊರಲು ವಿಶೇಷ ಬೇರಿಂಗ್ ಬೇಕಾಗುತ್ತದೆ. ಅಡ್ಡವಾಗಿದ್ದರೆ ಅದು ತನ್ನ ತೂಕಕ್ಕೇ ಬಾಗುವುದನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಭಂಗಿಯೇ ಅಲ್ಲಿ ವಿನ್ಯಾಸವನ್ನು ನಿರ್ಧರಿಸುತ್ತದೆ.

ಹಾರ್ಡ್ ಡಿಸ್ಕಿನಲ್ಲಿ ಈ ನಿಯಮ ಸುಳ್ಳಾಗುವುದಿಲ್ಲ, ಕಡೆಗಣಿಸಬಹುದಾದಷ್ಟು ಕಿರಿದಾಗುತ್ತದೆ. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುವ ಮೂರೂವರೆ ಇಂಚಿನ ಡ್ರೈವಿನ ತಟ್ಟೆಯ ಅಂಚಿನಲ್ಲಿ ಉಂಟಾಗುವ ವೇಗೋತ್ಕರ್ಷ ಭೂಮಿಯ ಗುರುತ್ವದ ಎರಡು ಸಾವಿರ ಪಟ್ಟಿಗೂ ಹೆಚ್ಚು. ಮಾಹಿತಿಯನ್ನು ಓದಿ ಬರೆಯುವ 'ಹೆಡ್' ತಟ್ಟೆಗೆ ತಾಗದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಗಾಳಿಯ ಪೊರೆಯ ಮೇಲೆ ತೇಲುತ್ತದೆ. ಅದನ್ನು ತಟ್ಟೆಯತ್ತ ಒತ್ತಿ ಹಿಡಿಯುವ ಸ್ಪ್ರಿಂಗಿನ ಬಲದ ಮುಂದೆ ಮಿಲಿಗ್ರಾಮುಗಳಷ್ಟೇ ಇರುವ ಅದರ ಸ್ವಂತ ತೂಕ ನಗಣ್ಯ. ಆದ್ದರಿಂದಲೇ ಡ್ರೈವನ್ನು ತಲೆಕೆಳಗಾಗಿಸಿದರೂ ಹೆಡ್ ಜೋತುಬೀಳುವುದಿಲ್ಲ.

ಹಾಗಾದರೆ ಡ್ರೈವಿನ ಭಂಗಿ ಬದಲಿಸಬೇಡಿ ಎಂಬ ಹಳೆಯ ತಂತ್ರಜ್ಞರ ಎಚ್ಚರಿಕೆ ಬರಿಯ ಮೂಢನಂಬಿಕೆಯೇ? ಅಲ್ಲ. 1980ರ ದಶಕದ ಅನೇಕ ಡ್ರೈವುಗಳಲ್ಲಿ ಹೆಡ್ಡನ್ನು ಸರಿಸುತ್ತಿದ್ದುದು ಹೆಜ್ಜೆಹೆಜ್ಜೆಯಾಗಿ ಚಲಿಸುವ ಸ್ಟೆಪ್ಪರ್ ಮೋಟರು. ತಾನು ಸರಿಯಾದ ಪಥದ ಮೇಲಿದ್ದೇನೆಯೇ ಎಂದು ಪರೀಕ್ಷಿಸಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲವಾದ್ದರಿಂದ, ಬಳಸುವ ಭಂಗಿಯಲ್ಲಿಯೇ ಫಾರ್ಮ್ಯಾಟ್ ಮಾಡಬೇಕೆಂಬ ಸಲಹೆಗೆ ಅರ್ಥವಿತ್ತು. ಇಂದಿನ ಡ್ರೈವು ತಟ್ಟೆಯ ಮೇಲೆಯೇ ಬರೆದಿಟ್ಟ ಗುರುತುಗಳನ್ನು ಓದುತ್ತ ಹೆಡ್ಡನ್ನು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತದೆ. ಕಾರಣ ಮರೆಯಾಯಿತು, ಎಚ್ಚರಿಕೆ ಮಾತ್ರ ಉಳಿಯಿತು.

ಭಂಗಿಯ ಚರ್ಚೆಯಲ್ಲಿ ಮರೆತುಹೋಗುವ ಸಂಗತಿಗಳೇ ಹೆಚ್ಚು ಮುಖ್ಯ. ಸಡಿಲ ಸ್ಕ್ರೂಗಳಿಂದ ಹುಟ್ಟುವ ಕಂಪನ, ಗಾಳಿಯಾಡದ ಪೆಟ್ಟಿಗೆಯ ಶಾಖ, ತಿರುಗುತ್ತಿರುವಾಗಲೇ ಡ್ರೈವನ್ನು ಹೊರಳಿಸುವುದು, ಇವು ನಿಜವಾದ ಅಪಾಯಗಳು. ಮೇಜಿನ ಮೇಲೆ ನಿಲ್ಲಿಸಿದ ಡ್ರೈವು ಕೆಡುವುದು ನಿಂತಿದ್ದರಿಂದಲ್ಲ, ಕೈತಾಗಿ ಉರುಳಿದ್ದರಿಂದ. ಹೊನ್ನಾವರ, ಗೇರುಸೊಪ್ಪಗಳ ಮಳೆಗಾಲದಲ್ಲಿ ತೇವ ಹನಿಗಟ್ಟದಂತೆ ಕಾಯುವುದೂ, ಗಾಳಿಯ ಒತ್ತಡ ಸಮವಾಗಲೆಂದು ಅನೇಕ ಡ್ರೈವುಗಳ ಮೇಲೆ ಬಿಟ್ಟಿರುವ ಸಣ್ಣ ರಂಧ್ರವನ್ನು ಮುಚ್ಚದಿರುವುದೂ ಇದೇ ಸಾಲಿಗೆ ಸೇರುತ್ತವೆ. ಹಾರ್ಡ್ ಡಿಸ್ಕು ಮಲಗಿರಲಿ, ನಿಂತಿರಲಿ, ಅಲುಗದಂತೆ ಬಿಗಿಯಾಗಿರಬೇಕು. ಬಿಗಿಯಾಗಿದ್ದರೂ ಒಂದು ದಿನ ಅದು ಕೆಡುವುದರಿಂದ, ಮಾಹಿತಿಯ ಇನ್ನೊಂದು ಪ್ರತಿ ಬೇರೆಡೆ ಇರಬೇಕು.