ದಾಳಿಂಬೆ ಕೆಂಪಗಿದ್ರೆ ರಕ್ತ ಆಗುತ್ತಾ?

ಕಳೆದ ಸೆಮಿಸ್ಟರ್‌ನಲ್ಲಿ ರಕ್ತದಾನ ಶಿಬಿರಕ್ಕೆ ನಾವು ಹಾಸ್ಟೆಲ್ ಹುಡುಗಿಯರು ಆರು ಜನ ಭಾರೀ ಜೋಶ್‌ನಲ್ಲಿ ಹೋದ್ವಿ. ನಾಲ್ವರನ್ನು ವಾಪಸ್ ಕಳಿಸಿದರು. ಬೆರಳು ಚುಚ್ಚಿ ತೆಗೆದ ಒಂದು ಹನಿ ರಕ್ತವನ್ನು ನೀಲಿ ಕಾಪರ್ ಸಲ್ಫೇಟ್ ದ್ರಾವಣಕ್ಕೆ ಬಿಡ್ತಾರೆ. ಆ ದ್ರಾವಣದ ಸ್ಪೆಸಿಫಿಕ್ ಗ್ರಾವಿಟಿ 1.053. ಹನಿ ಮುಳುಗಿದರೆ ಹಿಮೋಗ್ಲೋಬಿನ್ 12.5 ಗ್ರಾಂ ಇದೆ ಎಂದರ್ಥ, ಅಂದರೆ ರಕ್ತ ಕೊಡಬಹುದು. ನಮ್ಮ ನಾಲ್ವರ ಹನಿಗಳು ಆರಾಮಾಗಿ ತೇಲಿದವು. ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್‌ನಲ್ಲಿ ತೇಲಿದ್ರೆ ಖುಷಿ ಆಗ್ತಿತ್ತೇನೋ, ಅಲ್ಲಿ ಮಾತ್ರ ನಾಚಿಕೆ ಆಯ್ತು.

ಸುದ್ದಿ ಹಬ್ಬಿದ ಕೂಡಲೇ ಸೀನಿಯರ್ ಅಕ್ಕಂದಿರು, ಫೋನಿನಲ್ಲಿ ಅಮ್ಮಂದಿರು, ಎಲ್ಲರದ್ದೂ ಒಂದೇ ಔಷಧಿ: "ದಾಳಿಂಬೆ ತಿನ್ರವ್ವಾ, ರಕ್ತ ಆಗ್ತದ." ತಳಕಲ್‌ನಲ್ಲಿ ಕೂತು ಈ ಮಾತನ್ನು ಅಲ್ಲಗಳೆಯೋದು ಕಷ್ಟ. ಸುತ್ತಲಿನ ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ತೋಟಗಳಿವೆ. ನಾವೂ ತಿಂಗಳ ಖರ್ಚು ಉಳಿಸಿ ಜ್ಯೂಸ್ ಕುಡಿದ್ವಿ.

ಆಮೇಲೆ ಲೆಕ್ಕ ಹಾಕಿದ್ವಿ. ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ಐಸಿಎಂಆರ್ 2020ರಲ್ಲಿ ಹೇಳಿದೆ. ನೂರು ಗ್ರಾಂ ದಾಳಿಂಬೆ ಕಾಳಿನಲ್ಲಿ ಇರೋದು ಸುಮಾರು 0.3 ಮಿಲಿಗ್ರಾಂ. ಅಂದರೆ ದಾಳಿಂಬೆಯೊಂದರಿಂದಲೇ ತುಂಬಿಸಿಕೊಳ್ಳಲು ದಿನಾ ಒಂಬತ್ತು ಕೆಜಿಗೂ ಹೆಚ್ಚು ಕಾಳು ಬೇಕು! ಅದರ ಕೆಂಪು ಬಣ್ಣ ಆಂಥೋಸಯನಿನ್‌ನಿಂದ ಬಂದದ್ದು, ಕಬ್ಬಿಣದಿಂದಲ್ಲ. ಕೆಂಪು ಕಂಡ ತಕ್ಷಣ ರಕ್ತ ಅಂದುಕೊಂಡದ್ದು ನಮ್ಮ ಕಣ್ಣಿನ ತಪ್ಪು. (ದಾಳಿಂಬೆ ಬೆಳೆಯೋ ಮನೆಯವರು ನಮ್ಮಲ್ಲೂ ಇದ್ದಾರೆ, ಬೈಬೇಡ್ರಿ. ಹಣ್ಣು ಒಳ್ಳೇದೇ, ರುಚಿಗೆ ತಿನ್ನಿ.)

ಅದೇ ಬೂದು ಬಣ್ಣದ ಸಜ್ಜೆ? ನೂರು ಗ್ರಾಂನಲ್ಲಿ 6 ಮಿಲಿಗ್ರಾಂಗೂ ಹೆಚ್ಚು. ಮೆಸ್‌ನಲ್ಲಿ ನಮಗೆ ಎರಡು ಹೊತ್ತೂ ಸಿಗುವ ಬಿಳಿ ಅಕ್ಕಿಯಲ್ಲಿ ಒಂದೂ ಇಲ್ಲ. ಆದರೆ ಸಜ್ಜಿ ರೊಟ್ಟಿ ಅಂದ್ರೆ "ಉಷ್ಣ, ಸಂಕ್ರಾಂತಿಗಷ್ಟೇ ಸಾಕು" ಅಂತೀವಿ. ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗಂತೂ ರೊಟ್ಟಿ ಅಂದ್ರೆ ಹಳ್ಳಿ ಊಟ. ಓಟ್ಸ್ ಆದ್ರೆ ಸರಿ!

ಸಜ್ಜೆಯ ಕಬ್ಬಿಣವೆಲ್ಲ ಮೈಗೆ ಹತ್ತಲ್ಲ ಅನ್ನೋದೂ ನಿಜ, ಕಾಳಿನಲ್ಲಿರೋ ಫೈಟೇಟ್ ತಡೆಯುತ್ತೆ. ಇಲ್ಲಿ ಹಣ್ಣಿನ ಕೆಲಸ ಬರುತ್ತೆ, ಆದರೆ ಬೇರೆ ಹಣ್ಣಿನದು. ವಿಟಮಿನ್ ಸಿ ಫೆರಿಕ್ ಕಬ್ಬಿಣವನ್ನು ಫೆರಸ್ ಮಾಡಿ ಒಳಗೆ ಬಿಟ್ಟುಕೊಳ್ಳುತ್ತೆ. ಅದು ಬಸ್‌ಸ್ಟ್ಯಾಂಡ್ ಬುಟ್ಟಿಯ ಪೇರಲದಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚಿದೆ. ಅದೇ ಪೇರಲಕ್ಕೆ "ನೆಗಡಿ ಆಗ್ತದ, ಬ್ಯಾಡ" ಅನ್ನೋದು ಇನ್ನೊಂದು ಮಾತು. ಮತ್ತೆ ಊಟ ಮುಗಿದ ತಕ್ಷಣ ನಾವು ಕುಡಿಯೋ ಚಹಾ ಇದೆಯಲ್ಲ, ಅದು ತಟ್ಟೆಯಲ್ಲಿದ್ದ ಕಬ್ಬಿಣವನ್ನೇ ಹಿಡಿದಿಟ್ಟುಕೊಳ್ಳುತ್ತೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋಕೆ ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ರಕ್ತಹೀನತೆ. ನಮ್ಮ ಗೆಳತಿಯೊಬ್ಬಳಿಗೆ ಮೂರನೇ ಮಹಡಿಯ ಕ್ಲಾಸ್ ಹತ್ತುವಷ್ಟರಲ್ಲಿ ಏದುಸಿರು. ಇಡೀ ಸೆಮಿಸ್ಟರ್ ಅವಳನ್ನು "ಸೋಮಾರಿ" ಅಂತ ರೇಗಿಸಿದ್ವಿ. ಟೆಸ್ಟ್ ಮಾಡಿಸಿದಾಗ ಹಿಮೋಗ್ಲೋಬಿನ್ 8.4. ಅಷ್ಟು ಇಳಿದ ಮೇಲೆ ರೊಟ್ಟಿ-ಪೇರಲವೂ ಸಾಲಲ್ಲ, ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ಸರ್ಕಾರಿ ಶಾಲೆಯಲ್ಲಿದ್ದಾಗ ವಾರಕ್ಕೊಂದು ಕೊಡುತ್ತಿದ್ದ ನೀಲಿ ಕಬ್ಬಿಣದ ಮಾತ್ರೆಯನ್ನು "ಹೊಟ್ಟೆ ಕೆಡ್ತದ" ಅಂತ ಕಿಟಕಿಯಾಚೆ ಎಸೆಯುತ್ತಿದ್ದಳಂತೆ.

ಮೆಸ್ ಕಮಿಟಿಗೆ ನಮ್ಮ ಅರ್ಜಿ ಹೋಗಿದೆ: ವಾರಕ್ಕೆರಡು ದಿನ ಸಜ್ಜಿ ರೊಟ್ಟಿ, ಕಾಳುಪಲ್ಯದ ಜೊತೆ ನಿಂಬೆಹೋಳು, ಚಹಾ ಊಟಕ್ಕಿಂತ ಒಂದು ಗಂಟೆ ತಡವಾಗಿ. ಮೊದಲೆರಡಕ್ಕೆ ಹೂಂ ಅಂದಿದ್ದಾರೆ. ಚಹಾ ವಿಷಯದಲ್ಲಿ ಹುಡುಗರ ಹಾಸ್ಟೆಲ್ ಇನ್ನೂ ಜಗಳ ತೆಗೀತಿದೆ.